ಸೋದರತ್ತೆಯ ಇದ್ದಿಲು ಗಡಿಗೆ

ನಮ್ಮ ಸೋದರತ್ತೆಯ ಕೈಗೆ ಸಿಕ್ಕ ವಸ್ತುವಿಗೆ ಎರಡೇ ಗತಿ. ಒಂದೋ ಅದು ಯಾರದಾದರೂ ಹೊಟ್ಟೆಗೆ ಹೋಗಬೇಕು, ಇಲ್ಲವೇ ಇದ್ದಿಲಾಗಬೇಕು! ಮೂರನೆಯ ದಾರಿಯನ್ನು ಆಕೆ ಯಾವ ವಸ್ತುವಿಗೂ ತೋರಿಸಿದವಳಲ್ಲ. ಹುಣಸೆ ಬೀಜ, ಹತ್ತಿ ಕಟ್ಟಿಗೆ, ಗೋವಿನಜೋಳದ ದಿಂಡು, ತೆಂಗಿನ ಚಿಪ್ಪು, ನಮ್ಮಜ್ಜ ಕುಳಿತು ಊಟ ಮಾಡುತ್ತಿದ್ದ ಒಂದು ಮುರುಕು ಮಣೆ, ಎಲ್ಲವೂ ಆಕೆಯ ಒಲೆಯಲ್ಲಿ ಮುಕ್ತಿ ಕಂಡವೇ. ಬೇಸಗೆಯಲ್ಲಿ ಬೀಗರು ಬಂದು ಮಾವಿನ ಹಣ್ಣು ಮೆಲ್ಲಲು ಕುಳಿತರೆ ಆಕೆ ಬುಟ್ಟಿ ಹಿಡಿದುಕೊಂಡು ಅವರೆದುರಿಗೇ ನಿಂತುಬಿಡುವಳು. ಗೊರಟ ಚೀಪುವ ಸುಖದಲ್ಲಿ ಅವರು ಒಂದು ಗಳಿಗೆ ಕಣ್ಣು ಮುಚ್ಚಿದರೋ, "ಲಗೂ ಚೀಪ್ರಿ ಬೀಗ್ರ, ಅಲ್ಲಿ ಒಲಿ ಆರಾಕತ್ತೈತಿ" ಎನ್ನುವಳು. ಇಂಥ ಮನೆಗೆ ಎರಡನೆಯ ಸಲ ಯಾವ ಬೀಗರು ಬಂದಾರು ಹೇಳಿ!

ಸೋದರತ್ತೆ ಎಂದರೆ ನಮ್ಮಪ್ಪನ ಅಕ್ಕ. ಗಂಡನ ತಾಯಿಯನ್ನೂ ಅತ್ತೆ ಎನ್ನುತ್ತೇವಲ್ಲ, ಆ ಅತ್ತೆ ಅಲ್ಲ. ಆ ಅತ್ತೆಯ ಬಗ್ಗೆ ಬರೆಯುವಷ್ಟು ಧೈರ್ಯ ನನಗೆ ಇಂದಿಗೂ ಬಂದಿಲ್ಲ. ಸೋದರತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಗಜೇಂದ್ರಗಡದ ನಮ್ಮ ಮನೆಯಲ್ಲೇ ಉಳಿದವಳು. ಅಪ್ಪ ನೇಕಾರರ ಓಣಿಯ ಬಣ್ಣಗಾರ. ಓಣಿಯ ಅಷ್ಟೂ ಮಗ್ಗಗಳಿಗೆ ಬೇಕಾದ ನೂಲಿಗೆ ಬಣ್ಣ ಹಾಕಿ ಕೊಡುವುದು ಅವನ ಕೆಲಸ. ಹಿತ್ತಲಿನ ಚಪ್ಪರದ ಕೆಳಗೆ ಮೂರು ದೊಡ್ಡ ಹಂಡೆ. ಬೆಳಗಾದರೆ ಅವುಗಳ ಕೆಳಗೆ ಬೆಂಕಿ, ಮೇಲೆ ಹಬೆ, ನಡುವೆ ನಮ್ಮಪ್ಪ. ಅವನ ಕೈಯಿಂದ ಹೋದ ಕೆಂಪು ಸೀರೆ ಹರಿದರೂ ಬಣ್ಣ ಬಿಡದು ಎಂದು ಗಿರಾಕಿಗಳು ಹೇಳುತ್ತಿದ್ದರು.

ನನ್ನನ್ನು ನರಗುಂದಕ್ಕೆ ಕೊಟ್ಟಿದ್ದರು. ನಮ್ಮ ಊರುಗಳೆಲ್ಲ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನಾನು ಚೊಚ್ಚಲ ಬಸುರಿ. ಸೀಮಂತದ ಕುಬಸ ಮಾಡಿ ತವರಿಗೆ ಕರೆದೊಯ್ಯಲು ಯಾರು ಬರಬೇಕು? ಅವ್ವನಿಗೆ ಆ ದಿನಗಳಲ್ಲಿ ಮಂಡಿ ನೋವು. ಹಾಗಾಗಿ ಸೋದರತ್ತೆ ಬಂದಳು. ಬರುವಾಗ ಒಂದು ಕೈಯಲ್ಲಿ ನನಗೆಂದು ಹಸಿರು ಬಳೆ, ಇನ್ನೊಂದು ಕೈಯಲ್ಲಿ ಎರಡು ಖಾಲಿ ಗೋಣಿಚೀಲ. ಕುಬಸಕ್ಕೆ ಬಂದವರು ಬಳೆ ನೋಡಿ ಹಿಗ್ಗಿದರು, ಗೋಣಿಚೀಲ ನೋಡಿ ತೆಪ್ಪಗಾದರು.

ಗೋಣಿಚೀಲದ ಗುಟ್ಟು ಬಸ್ಸಿನಲ್ಲಿ ಬಯಲಾಯಿತು. ರೋಣದಲ್ಲಿ ಬಸ್ಸು ನಿಂತಾಗ ಅತ್ತೆ ಇಳಿದು ಹೋಗಿ, ಒಂದು ಬುಟ್ಟಿ ಹುರಿದ ಶೇಂಗಾ ಕೊಂಡು ತಂದಳು. ಸಿಪ್ಪೆ ಸಮೇತ. ಬಸುರಿಗೆ ಬಯಕೆ ಎಂದು ತಂದಳೆಂದುಕೊಂಡು ನಾನು ಕೈ ಚಾಚಿದೆ. ನನಗೆ ಒಂದು ಹಿಡಿ ಕೊಟ್ಟು ಎದ್ದವಳೇ ಇಡೀ ಬಸ್ಸಿಗೆ ಹಂಚಲು ಶುರು ಮಾಡಿದಳು. ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಒಬ್ಬರನ್ನೂ ಬಿಡಲಿಲ್ಲ. ಕಂಡಕ್ಟರಿಗೆ ಕೈ ಮುಗಿಯುವುದೋ ಟಿಕೇಟು ಕೇಳುವುದೋ ತಿಳಿಯದಾಯಿತು.

"ಅವ್ವಾರ, ಯಾವ ದೇವರ ಹರಕೀರಿ ಇದು?"

"ಹರಕಿ ಅಲ್ಲೋ ತಮ್ಮಾ. ನೀವು ಕಾಳು ತಿನ್ರಿ, ಸಿಪ್ಪಿ ನನಗ ಕೊಡ್ರಿ. ಒಂದ ಸಿಪ್ಪಿ ಕಿಡಕ್ಯಾಗಿಂದ ಹೊರಗ ಹಾರಿದ್ರ ನೋಡು ಮತ್ತ!"

"ಸಿಪ್ಪಿ ತಗೊಂಡು ಏನ್ ಮಾಡ್ತೀರಿ?"

"ಸುಡತೇನಿ."

ಬಸ್ಸಿನಲ್ಲಿದ್ದವರೆಲ್ಲ ತಿನ್ನುವುದನ್ನು ನಿಲ್ಲಿಸಿ ನನ್ನತ್ತ ನೋಡಿದರು. ಪಾಪ, ಹೊಟ್ಟೆಯಲ್ಲಿ ಕೂಸು, ಪಕ್ಕದಲ್ಲಿ ಇಂಥವಳು! ಒಬ್ಬ ಮುದುಕ ನನಗೆ ಕೇಳುವಂತೆ, "ತವರಮನಿ ಐತೇನವಾ ನಿನಗ ಇನ್ಯಾವುದಾರ?" ಎಂದ. ನಾನು ಸೆರಗು ಮುಖಕ್ಕೆಳೆದುಕೊಂಡು ಗಜೇಂದ್ರಗಡದ ಬೆಟ್ಟ ಕಾಣುವವರೆಗೆ ನಿದ್ದೆ ಬಂದವಳ ಹಾಗೆ ಕುಳಿತೆ. ಇಳಿಯುವಾಗ ಅರ್ಧ ಚೀಲ ಸಿಪ್ಪೆ ತುಂಬಿತ್ತು.

ಮನೆಗೆ ಬಂದು ಕಾಲು ತೊಳೆಯಲು ಬಕೆಟ್ಟಿಗೆ ಕೈ ಹಾಕಿದೆ. ನೀರು ಗುಲಾಬಿ! ನಾನು ಕೂಗಿಕೊಂಡೆ. ಅವ್ವ ಒಳಗಿನಿಂದಲೇ, "ಏನೂ ಆಗಿಲ್ಲ ಬಾ, ಭಾವಿ ನೀರು" ಎಂದಳು. ಹಂಡೆಯಲ್ಲಿ ಬಣ್ಣ ಕುಡಿದ ನೂಲನ್ನು ಆಮೇಲೆ ಜಾಲಿಸಬೇಕಲ್ಲ, ಆ ಜಾಲಿಸಿದ ನೀರು ಗಟಾರಕ್ಕೆ ಹೋಗಿ, ಗಟಾರದಿಂದ ಇಂಗಿ, ಓಣಿಯ ಒಂದೇ ಒಂದು ಸಿಹಿನೀರ ಬಾವಿಗೆ ಸೇರುತ್ತಿತ್ತು. ಮೂರು ತಲೆಮಾರಿನಿಂದ ಅದೇ ಗಟಾರ, ಅದೇ ಬಾವಿ. ಹಿಂದೆಂದೂ ಆಗದ್ದು ಆ ವರ್ಷ ಆಗಿತ್ತು. ಓಣಿಯ ಮನೆಮನೆಯಲ್ಲೂ ರೊಟ್ಟಿ ನಸುಗೆಂಪು, ಅನ್ನ ನಸುಗೆಂಪು. ಹೊಸದಾಗಿ ಬಂದ ಸೊಸೆಯೊಬ್ಬಳು ಮಜ್ಜಿಗೆಗೆ ನೀರು ಬೆರೆಸಿ, ಮಜ್ಜಿಗೆ ಬಣ್ಣ ತಿರುಗಿದ್ದು ಕಂಡು ಹೆದರಿ ತವರಿಗೆ ಓಡಿಹೋಗಿದ್ದಳಂತೆ!

ಇಷ್ಟರ ಮೇಲೂ ಓಣಿಯವರು ಸುಮ್ಮನಿರುತ್ತಿದ್ದರೋ ಏನೋ. ಆದರೆ ಓಣಿಯ ಹಿರಿಯರಿಗೆ ಕಚೇರಿ ಕೆಲಸಕ್ಕೆ ರೋಣಕ್ಕೆ ಹೋಗಬೇಕಾಯಿತು. ಒಗೆದು ಮಡಿಸಿಟ್ಟ ಧೋತರವನ್ನು ನಸುಕಿನ ಕತ್ತಲಲ್ಲಿ ಉಟ್ಟು ಹೋದರು. ಅಲ್ಲಿಳಿದು ಬಿಸಿಲಿಗೆ ನೋಡಿಕೊಂಡರೆ ಧೋತರ ಮದುವಣಗಿತ್ತಿಯ ಕೆನ್ನೆಯ ಬಣ್ಣ! ಕಚೇರಿಯಲ್ಲಿ ಸಾಹೇಬರು ನಕ್ಕರೋ ಇಲ್ಲವೋ ಗೊತ್ತಿಲ್ಲ, ಹಿರಿಯರು ಮಾತ್ರ ಬಸ್ಸಿಳಿದವರೇ ನಾಲ್ಕು ಜನರನ್ನು ಕರೆದುಕೊಂಡು ನೇರ ನಮ್ಮ ಕಟ್ಟೆಗೆ ಬಂದರು. ಬಾವಿಯ ನೀರನ್ನು ಒಂದು ಹಿತ್ತಾಳೆ ತಂಬಿಗೆಯಲ್ಲಿ ತಂದು ಅಪ್ಪನೆದುರು ಇಟ್ಟರು.

"ನೋಡಪಾ, ನೀನ ಹೇಳು. ಇದು ಕುಡಿಯೂ ನೀರೇನು?"

ಅಪ್ಪ ತಂಬಿಗೆಯೊಳಗೆ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. "ಚಲೋನ ಐತಲ್ರಿ. ತಿಳಿ ಐತಿ" ಎಂದ.

ಎಷ್ಟು ಭಂಡತನ! ನನಗೇ ನಾಚಿಕೆಯಾಗಿ ಬಾಗಿಲ ಹಿಂದೆ ಸರಿದೆ. ಹಿರಿಯರ ಮುಖ ಧೋತರಕ್ಕಿಂತ ಕೆಂಪಾಯಿತು. "ನಿನ್ನ ಮ್ಯಾಲ ನಮಗ ಹಗೆ ಇಲ್ಲ. ನೀರು ಎಲ್ಲಾರ್ದು. ಮೂರು ಅಮಾಸಿ ವ್ಯಾಳ್ಯಾ ಕೊಡ್ತೇವಿ. ಅಷ್ಟರಾಗ ನಿನ್ನ ಹಿತ್ತಲದ ನೀರು ತಿಳಿ ಆಗಿ ಹೊರಗ ಬರಬೇಕು. ಇಲ್ಲಾಂದ್ರ ಹಂಡೆ ಕೆಳಗಿನ ಒಲಿ ಆರಸಬೇಕು. ಊರ ಹೊರಗಿನ ಇನ್ನೊಬ್ಬ ಬಣ್ಣಗಾರಗ ನೂಲು ಕೊಡ್ತೇವಿ" ಎಂದರು. ಒಲೆ ಆರಿದರೆ ಅಪ್ಪನ ಕಸುಬು ಆರಿದಂತೆಯೇ. ಆ ವಯಸ್ಸಿನಲ್ಲಿ ಅವನು ಬೇರೆ ಏನು ತಾನೇ ಕಲಿತಾನು?

ಅಪ್ಪ ಬಾಯಿ ತೆರೆಯುವ ಮೊದಲೇ ಅತ್ತೆ ನಡುವೆ ನುಗ್ಗಿದಳು. "ಆತ್ರಿ. ಮೂರನೇ ಅಮಾಸಿಗೆ ಬರ್ರಿ. ನೀರು ನಾ ತಿಳಿ ಮಾಡ್ತೇನಿ."

"ನೀನು? ಯಾತರಿಂದ?"

"ಶೇಂಗಾ ಸಿಪ್ಪೀಲೆ!"

ಬಂದವರೆಲ್ಲ ನಕ್ಕು ಹೋದರು. ನಮ್ಮ ಅತ್ತೆಗೆ ಓಣಿಯಲ್ಲಿ ಹುಚ್ಚಿ ಎಂಬ ಬಿರುದು ಅಧಿಕೃತವಾಗಿ ಸಿಕ್ಕಿದ್ದು ಆ ದಿನ.

ಹುಚ್ಚಿಯೋ ಅಲ್ಲವೋ, ಆಕೆಯ ಲೆಕ್ಕ ಗಟ್ಟಿಯಾಗಿತ್ತು. ಒಂದು ದಿನ ಹಂಡೆಯೊಲೆಯ ಕೆಂಡವೊಂದು ಜಾರಿ, ಜಾಲಿಸಿದ ನೀರಿನ ಬೋಗುಣಿಯಲ್ಲಿ ಬಿದ್ದಿತ್ತಂತೆ. ಯಾರೂ ಎತ್ತಿರಲಿಲ್ಲ. ಮರುದಿನ ನೋಡಿದರೆ ಬೋಗುಣಿಯ ಕೆಂಪು ಅರ್ಧಕ್ಕೆ ಇಳಿದಿತ್ತು. ಇದ್ದಿಲು ಬಣ್ಣ ಕುಡಿಯುತ್ತದೆ! ಹಾಗಾದರೆ ಯಾವ ಇದ್ದಿಲು ಹೆಚ್ಚು ಕುಡುಕ? ಅದನ್ನು ಕಂಡುಹಿಡಿಯಲು ಆಕೆ ಊರಿನ ಕಸವನ್ನೆಲ್ಲ ಒಂದೊಂದಾಗಿ ಸುಟ್ಟು ನೋಡಿದ್ದಳು. ಗೆದ್ದದ್ದು ಶೇಂಗಾ ಸಿಪ್ಪೆ. ಗಡಿಗೆಯಲ್ಲಿ ಸಿಪ್ಪೆ ತುಂಬಿ, ಮುಚ್ಚಳ ಇಟ್ಟು, ಸುತ್ತ ಹಸಿಮಣ್ಣು ಮೆತ್ತಿ, ಹೊಗೆ ಹೋಗಲು ಒಂದು ಸಣ್ಣ ತೂತು ಬಿಟ್ಟು, ಸೆಗಣಿ ಕುಳ್ಳಿನ ಬೆಂಕಿಯಲ್ಲಿ ಹೂಳುವಳು. ಬಯಲಲ್ಲಿ ಸುಟ್ಟರೆ ಬೂದಿ, ಗಡಿಗೆಯೊಳಗೆ ಬಾಯಿ ಕಟ್ಟಿ ಸುಟ್ಟರೆ ಇದ್ದಿಲು. ಒಮ್ಮೆ ಅವಸರಕ್ಕೆ ಬಿದ್ದು ಮುಚ್ಚಳ ಬೇಗ ತೆಗೆದಳು. ಒಳಗಿನ ಕೆಂಡ ಧಗ್ ಎಂದಿತು. ಗಾಬರಿಯಲ್ಲಿ ಒಂದು ತಂಬಿಗೆ ನೀರು ಚಿಮುಕಿಸಿ ಮತ್ತೆ ಮುಚ್ಚಿದಳು. ಚುಂಯ್ ಎಂದು ಹಬೆಯೆದ್ದು ಅವ್ವನ ಹಪ್ಪಳವೆಲ್ಲ ಮೆತ್ತಗಾದವು. ಅವ್ವ ಬೈದಳು. ಆದರೆ ಆ ಗಡಿಗೆಯ ಇದ್ದಿಲು ಉಳಿದವುಗಳ ಎರಡು ಪಟ್ಟು ಬಣ್ಣ ಹೀರಿತು! ಅಂದಿನಿಂದ ಪ್ರತಿ ಗಡಿಗೆಗೂ ನೀರಿನ ಚಿಮುಕು, ಅವ್ವನಿಗೆ ಪ್ರತಿ ಸಲವೂ ಮೆತ್ತನೆಯ ಹಪ್ಪಳ.

ಅಷ್ಟರಲ್ಲಿ ನಾನು ಹೆತ್ತೆ. ಹೆಣ್ಣು ಕೂಸು. ಅತ್ತೆ ಕೂಸಿನ ಮುಖ ನೋಡಿ, "ಚಲೋ ಅದಾಳ. ಬಣ್ಣ ಗೋದಿ" ಎಂದು ಹೇಳಿ ತಿರುಗಿ ಗಡಿಗೆಯತ್ತ ಹೋದಳು. ಬಾಣಂತಿಯ ಕಿವಿಗೆ ಬಟ್ಟೆ ಕಟ್ಟಿ, ಹೊರಸಿನ ಕೆಳಗೆ ಅಗ್ಗಿಷ್ಟಿಗೆ ಇಟ್ಟು, ಬೆಚ್ಚಗೆ ಮಲಗಿಸುವುದು ನಮ್ಮಲ್ಲಿಯ ಪದ್ಧತಿ. ನಾನೂ ಮಲಗಿದೆ. ಒಂಬತ್ತನೆಯ ದಿನ ಯಾಕೋ ಬೆನ್ನು ತಣ್ಣಗಾಯಿತು. ಬಗ್ಗಿ ನೋಡಿದರೆ ಅಗ್ಗಿಷ್ಟಿಗೆ ಖಾಲಿ! ಅವ್ವ ಹಿತ್ತಲಿಗೆ ಓಡಿದಳು.

"ಬಾಣಂತಿ ಕೆಳಗಿನ ಕೆಂಡ ಕದ್ದೀಯಲ್ಲ ಅಕ್ಕಾ, ನಿನಗೇನರ ಕರುಳದಾವೇನು?"

"ಕದ್ದಿಲ್ಲ, ಕಡಾ ತಗೊಂಡೀನಿ. ಬಾಣಂತಿಗೆ ಕಂಬಳಿ ಐತಿ, ಅವ್ವ ಅದಾಳ, ಗಂಡ ಅದಾನ. ಭಾವಿಗೆ ನನ್ನ ಬಿಟ್ರ ಯಾರದಾರ?"

ನಾನು ಎರಡು ಕಂಬಳಿ ಹೊದ್ದು ಮಲಗಿದೆ. ಬಾಣಂತಿ ಕೋಣೆಯ ಕಿಟಕಿ ಹಿತ್ತಲಿಗೇ ತೆರೆಯುತ್ತಿದ್ದುದರಿಂದ ಮುಂದಿನದನ್ನೆಲ್ಲ ಮಲಗಿದಲ್ಲಿಂದಲೇ ನೋಡಿದೆ. ಅತ್ತೆ ತಳ ತೂತು ಮಾಡಿದ ಮೂರು ಗಡಿಗೆಗಳನ್ನು ಒಂದರ ಮೇಲೊಂದು ಏರಿಸಿದಳು. ಮೇಲಿನದರಲ್ಲಿ ಮರಳು, ನಡುವಿನದರಲ್ಲಿ ಪುಡಿ ಮಾಡಿದ ಇದ್ದಿಲು, ಕೆಳಗಿನದರಲ್ಲಿ ಮತ್ತೆ ಇದ್ದಿಲು, ತಳಕ್ಕೆ ಮಡಿಚಿದ ಬಟ್ಟೆ. ಅಂಥ ಸಾಲುಗಳು ಆರು. ಮೇಲೆ ಕೆಂಪು ನೀರು ಸುರಿದರೆ ಕೆಳಗೆ ತೊಟ್ಟಿಕ್ಕುವುದು ಮೊದಮೊದಲು ಗುಲಾಬಿ, ಆಮೇಲೆ ಕೆನೆಬಣ್ಣ. ಎರಡನೆಯ ಅಮಾವಾಸ್ಯೆಯ ಹೊತ್ತಿಗೆ ನೀರಿನಲ್ಲಿ ಬಣ್ಣ ಇದೆಯೋ ಇಲ್ಲವೋ ಎಂದು ಅನುಮಾನಿಸುವಷ್ಟು ತಿಳಿಯಾಗಿತ್ತು.

ಹುಮ್ಮಸ್ಸಿನಲ್ಲಿ ಒಂದು ಅನಾಹುತವೂ ಆಯಿತು. ನರಗುಂದದ ಸಾಹುಕಾರರೊಬ್ಬರ ಮನೆಯ ಮದುವೆ ಸೀರೆಗಳಿಗೆಂದು ಅಪ್ಪ ಒಂದು ಹಂಡೆ ಹೊಸ ಕೆಂಪು ಕದಡಿಟ್ಟು ಊಟಕ್ಕೆ ಹೋಗಿದ್ದ. ಸಹಾಯಕ್ಕೆ ಬಂದಿದ್ದ ಅವ್ವ ಅದನ್ನೇ ಜಾಲಿಸಿದ ನೀರೆಂದು ತಿಳಿದು, ಬಿಂದಿಗೆ ಬಿಂದಿಗೆಯಾಗಿ ಎಲ್ಲವನ್ನೂ ಗಡಿಗೆಗಳಿಗೆ ಸುರಿದುಬಿಟ್ಟಳು! ಕೆಳಗೆ ಸೋಸಿ ಬಂದ ನೀರನ್ನು ಅಚ್ಚುಕಟ್ಟಾಗಿ ಅದೇ ಹಂಡೆಗೆ ತುಂಬಿದಳು. ಮದುವೆಯ ಕೆಂಪನ್ನೆಲ್ಲ ಶೇಂಗಾ ಸಿಪ್ಪೆ ಕುಡಿದು ಕುಳಿತಿತ್ತು. ಅಪ್ಪ ಊಟ ಮುಗಿಸಿ ಬಂದ. ಒಲೆಯ ಕಟ್ಟಿಗೆ ಮುಂದೆ ನೂಕಿದ. ಬಿಳಿ ನೂಲಿನ ಲಡಿಗಳನ್ನು ಆ ಬರಿ ನೀರಿನಲ್ಲಿ ಇಳಿಬಿಟ್ಟು, ಕೋಲಿನಿಂದ ತಿರುವಿ, ಒಂದು ಲಡಿ ಎತ್ತಿ ಹಬೆಯ ನಡುವೆ ಹಿಡಿದು ನೋಡಿ, "ಇನ್ನೊಂಚೂರು ಬಿಡೂಣು. ಜರಾ ತೆಳ್ಳಗ ಕುಂತೈತಿ ಬಣ್ಣ" ಎಂದ.

ಅವ್ವ ಬಿದ್ದು ಬಿದ್ದು ನಕ್ಕಳು. ನಾನು ಒಳಗಿನಿಂದಲೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಪ್ಪ ಚೇಷ್ಟೆ ಮಾಡುವುದು ಅಪರೂಪ, ಮಾಡಿದರೆ ಹೀಗೆ ಗಂಭೀರ ಮುಖದಿಂದಲೇ! ನಗು ಕೇಳಿ ಅಪ್ಪನೂ ನಕ್ಕ. ಅತ್ತೆಯೊಬ್ಬಳು ನಗಲಿಲ್ಲ. ಲಡಿಗಳನ್ನು ಅವನ ಕೈಯಿಂದ ತೆಗೆದುಕೊಂಡು, "ಹೌದೋ ತಮ್ಮಾ, ತೆಳ್ಳಗ ಆಗೈತಿ. ನೀ ಕುಂದರು" ಎಂದು ತಾನೇ ಡಬ್ಬಿ ತೆರೆದು ಹೊಸದಾಗಿ ಬಣ್ಣ ಕದಡಿದಳು. ನಗೆ ಕೂಡ ಸುಟ್ಟು ಇದ್ದಿಲು ಮಾಡಿಕೊಂಡಿದ್ದಾಳೆ ಈಕೆ ಎಂದು ನಾನು ಅವ್ವನಿಗೆ ಹೇಳಿದೆ.

ಮೂರನೆಯ ಅಮಾವಾಸ್ಯೆ ಬಂತು. ಅಮಾವಾಸ್ಯೆಯೆಂದರೆ ಮಗ್ಗಗಳಿಗೆ ರಜೆ. ಓಣಿಗೆ ಓಣಿಯೇ ನಮ್ಮ ಅಂಗಳದಲ್ಲಿ ನೆರೆಯಿತು. ನಾನೂ ಕೂಸನ್ನೆತ್ತಿಕೊಂಡು ಹೊಸ್ತಿಲ ಬಳಿ, ಅಪ್ಪನ ಪಕ್ಕದಲ್ಲೇ ಕುಳಿತೆ. ನೀರು ತಿಳಿಯೋ ಅಲ್ಲವೋ ಎಂಬುದನ್ನು ನೇಕಾರರು ತಂಬಿಗೆಯಲ್ಲಿ ನೋಡಿ ಹೇಳುವವರಲ್ಲ. ನೀರು ಕಣ್ಣಿಗೆ ಮೋಸ ಮಾಡೀತು, ನೂಲು ಮಾಡದು. ಬಿಳಿ ನೂಲಿನ ಲಡಿಯನ್ನು ಆ ನೀರಿನಲ್ಲಿ ಒಂದು ದಿನ ನೆನೆಹಾಕಿ ಒಣಗಿಸಿದರೆ, ಕೂದಲೆಳೆಯಷ್ಟು ಬಣ್ಣವಿದ್ದರೂ ಎದ್ದು ಕಾಣುತ್ತದೆ. ಎರಡು ದಿನ ಮೊದಲೇ ಹಿರಿಯರ ಎದುರಿಗೇ ಮೂರು ಲಡಿ ನೆನೆಹಾಕಿದ್ದರು. ಒಂದು ನಮ್ಮ ಓಣಿಯ ಬಾವಿಯ ನೀರಿನಲ್ಲಿ, ಒಂದು ಆಚೆ ಓಣಿಯ ಚಲೋ ಬಾವಿಯ ನೀರಿನಲ್ಲಿ, ಒಂದು ಅತ್ತೆಯ ಗಡಿಗೆಯಿಂದ ಇಳಿದ ನೀರಿನಲ್ಲಿ. ಅತ್ತೆಯೇ ಹಗ್ಗದ ಮೇಲಿಂದ ಮೂರನ್ನೂ ತೆಗೆದು ತಂದು ಅಪ್ಪನ ಮುಂದೆ ಚಾಪೆಯ ಮೇಲಿಟ್ಟಳು.

ಹಿರಿಯರು ಹೇಳಿದರು: "ಬಣ್ಣದ ಮಾತಿಗೆ ಬಣ್ಣಗಾರನ ಮಾತ ಕಡೇ ಮಾತು. ಅಜ್ಜ ಮುತ್ಯಾನ ಕಾಲದಿಂದ ಹಂಗ ನಡದೈತಿ. ನಿಂದ ಕಸುಬಿನ ಪ್ರಶ್ನಾ ಆದ್ರೂ ನೀನ ಹೇಳಬೇಕು. ಸುಳ್ಳು ಹೇಳಿದ್ರ ಮತ್ತ ಯಾವ ನೇಕಾರನೂ ನಿನ್ನ ಕೈಯಾಗ ನೂಲು ಕೊಡೂದಿಲ್ಲ. ಹೇಳಪಾ, ಯಾವುದು ಕೆಂಪು, ಯಾವುದು ಬಿಳಿ?"

ಇದೇನು ದೊಡ್ಡ ಪರೀಕ್ಷೆ! ಬಾವಿಯ ಲಡಿ ನಸುಗೆಂಪಾಗಿ ನನಗೇ ಇಲ್ಲಿಂದ ಕಾಣುತ್ತಿತ್ತು. ಉಳಿದೆರಡು ಮಲ್ಲಿಗೆ ಬಿಳುಪು. ಯಾರು ಬೇಕಾದರೂ ಹೇಳಬಹುದಿತ್ತು. ಆದರೆ ಅಪ್ಪ ಹೇಳಲಿಲ್ಲ. ಲಡಿಗಳ ಕಡೆ ಕಣ್ಣೇ ಹಾಯಿಸಲಿಲ್ಲ. ಮೊದಲ ಲಡಿಯನ್ನೆತ್ತಿ ಅದರ ಕಟ್ಟುದಾರದ ತುದಿಯವರೆಗೆ ಬೆರಳಾಡಿಸಿದ. ಕೆಳಗಿಟ್ಟ. ಎರಡನೆಯದನ್ನೂ ಹಾಗೆಯೇ. ಮೂರನೆಯದರ ತುದಿಯಲ್ಲಿ ಅವನ ಬೆರಳು ನಿಂತಿತು. ನಾನು ಪಕ್ಕದಲ್ಲಿದ್ದೆನಲ್ಲ, ಆ ತುದಿಯಲ್ಲಿ ಸಾಸಿವೆಯಷ್ಟು ಸಣ್ಣ ಗಂಟು ಇದ್ದದ್ದು ಕಂಡಿತು.

"ಇದು ನಮ್ಮ ಭಾವೀದು. ಕೆಂಪು ಐತಿ. ಉಳಿದೆರಡೂ ಬಿಳಿ" ಎಂದ ಅಪ್ಪ.

ಅಂಗಳದಲ್ಲಿ ಗದ್ದಲವೆದ್ದಿತು. ಎಲ್ಲರೂ ಲಡಿಗಳನ್ನು ಕೈಯಿಂದ ಕೈಗೆ ದಾಟಿಸಿ, ಬಿಸಿಲಿಗೆ ಹಿಡಿದು, ಹೌದು ಹೌದು ಎಂದರು. ಒಲೆ ಆರಿಸುವ ಮಾತು ಅಲ್ಲಿಗೇ ಮುಗಿಯಿತು. ಹಿರಿಯರು ಅತ್ತೆಗೆ ಕೈಮುಗಿದರು. "ತಪ್ಪಾತವಾ. ನಿನ್ನ ಹುಚ್ಚಿ ಅಂದಿದ್ವಿ."

"ಅನ್ನೂದು ಬಿಡಬ್ಯಾಡ್ರಿ. ಹುಚ್ಚಿ ಅಂದ್ರ ಸಿಪ್ಪಿ ಪುಗಸಟ್ಟೆ ಸಿಗತಾವು" ಎಂದಳು ಅತ್ತೆ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ತಂಬಿಗೆಯ ಕೆಂಪು ನೀರನ್ನು ತಿಳಿ ಎಂದದ್ದು, ಬರಿ ನೀರಿನಲ್ಲಿ ನೂಲು ತಿರುವಿದ್ದು, ಎಲ್ಲ ಒಟ್ಟಿಗೆ ಎದೆಗೆ ಬಂದು ಬಡಿದವು.

ಜನ ಕರಗಿದ ಮೇಲೆ ಹಿತ್ತಲಿಗೆ ಹೋಗಿ ಕೇಳಿದೆ. "ಅತ್ತಿ, ಅಪ್ಪಗ ಕಣ್ಣು ಕಾಣಸೂದಿಲ್ಲೇನು?"

ಆಕೆ ಗಡಿಗೆಯಿಂದ ತಲೆ ಎತ್ತಲಿಲ್ಲ. "ಸಾವಕಾಶ ಮಾತಾಡು. ವರ್ಷಾತು, ಪೊರಿ ಬಂದಾವ. ಆಕಾರ ಕಾಣತಾವು, ಬಣ್ಣ ಕಾಣೂದಿಲ್ಲ. ಎರಡು ಚಮಚೆ ಹಾಕೂ ಜಾಗಾದಾಗ ಆರು ಹಾಕ್ತಾನ, ಕೆಂಪ ಆಗಿಲ್ಲ ಅಂತ. ಬಣ್ಣ ಸರಿ ಕುಂತ ಕೂಡ್ಲೆ ಲಡಿ ನಾ ಎತ್ತತೇನಿ. ಉಳಿದದ್ದೆಲ್ಲಾ ಎಲ್ಲಿ ಹೋಗಬೇಕು? ಗಟಾರಕ್ಕ. ಗಟಾರದಿಂದ ಭಾವಿಗೆ."

"ಅವಗ ಹೇಳಬಾರದಾ? ಹಾಕೂದರ ಕಡಿಮಿ ಮಾಡ್ತಿದ್ದ."

"ಬಣ್ಣಗಾರಗ ನಿನಗ ಬಣ್ಣ ಕಾಣೂದಿಲ್ಲ ಅಂತ ಹ್ಯಾಂಗ ಹೇಳಲೇ ಹುಚ್ಚಿ? ಸತ್ತ ಹೋಗ್ತಾನ ಅವ."

"ಮತ್ತ ಗಂಟು?"

"ಒಂದಿನ ಕೆಂಪು ಲಡಿಗೆ ಒಂದು ಗಂಟು ಹಾಕಿಟ್ಟೆ, ಹಸರಿಗೆ ಎರಡು. ಅವ ಮುಟ್ಟಿ ನೋಡಿದ. ನಾನೂ ಏನೂ ಅನ್ನಲಿಲ್ಲ, ಅವನೂ ಏನೂ ಅನ್ನಲಿಲ್ಲ."

ಯಾರಿಗೂ ಹೇಳುವುದಿಲ್ಲವೆಂದು ಆಕೆಗೆ ಮಾತು ಕೊಟ್ಟೆ. ಗಂಡನಿಗೆ ಹೇಳಿದೆ. ಗಂಡನೇನು ಯಾರೋ ಅಲ್ಲವಲ್ಲ! ಬಾಣಂತನ ಮುಗಿಸಿ ನರಗುಂದಕ್ಕೆ ಹೋಗುವಾಗ, ಮೊಮ್ಮಗಳ ಜೊತೆ ನಾಲ್ಕು ದಿನ ಇದ್ದು ಬರಲೆಂಬ ನೆವ ಮಾಡಿ ಅಪ್ಪನನ್ನೂ ಅತ್ತೆಯನ್ನೂ ಕರೆದೊಯ್ದೆವು. ಅಲ್ಲಿಂದ ನನ್ನ ಗಂಡ ಅಪ್ಪನನ್ನು ದೂರದ ಊರಿನ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋಗಿ ಪೊರೆ ತೆಗೆಸಿಕೊಂಡು ಬಂದರು. ಹೊರಡುವ ಮುಂಚೆ ಅಪ್ಪ ಎಲ್ಲಿಗೆ, ಯಾಕೆ ಎಂದು ಒಂದು ಮಾತೂ ಕೇಳಲಿಲ್ಲ. ಅತ್ತೆ ಬುತ್ತಿ ಕಟ್ಟಿಕೊಟ್ಟಳು, ಅಷ್ಟೆ.

ಪಟ್ಟಿ ಬಿಚ್ಚಿ, ದಪ್ಪ ಗಾಜಿನ ಚಸ್ಮಾ ಹಾಕಿಕೊಟ್ಟ ದಿನ ಅಪ್ಪ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ಕೂಸನ್ನು ನೋಡಿದ, ನನ್ನ ಸೀರೆ ನೋಡಿ, "ಈ ಹಸರು ನಮ್ಮ ಹಂಡೇದಲ್ಲ" ಎಂದು ಮುಖ ಸಿಂಡರಿಸಿದ. ನಾವೆಲ್ಲ ನಕ್ಕೆವು. ಅಷ್ಟರಲ್ಲಿ ಅತ್ತೆ ಚಹಾದ ಬಟ್ಟಲು ತಂದು ಅವನ ಮುಂದೆ ಚಾಚಿದಳು. ಅಪ್ಪ ಬಟ್ಟಲು ತೆಗೆದುಕೊಳ್ಳಲಿಲ್ಲ. ಬಟ್ಟಲು ಹಿಡಿದ ಕೈಗಳನ್ನೇ ನೋಡುತ್ತ ಕುಳಿತ. ಉಗುರಿನ ಸಂದಿಯಿಂದ ಮಣಿಕಟ್ಟಿನವರೆಗೆ ಕರ್ರಗೆ, ಬೆರಳ ಗಿಣ್ಣುಗಳಲ್ಲಿ ಬಿರುಕು, ಅಂಗೈ ತುಂಬ ಸುಟ್ಟ ಕಲೆ.

"ಅಕ್ಕಾ," ಎಂದ ಅಪ್ಪ, "ಯಾರ ಕೈ ಇವು?"

ಆಕೆ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಏನೂ ಆಗಿಲ್ಲೋ. ಇದ್ಲಿ ಮಸಿ. ತೊಳದ್ರ ಹೋಗತೈತಿ."

ಅಪ್ಪ ಎದ್ದು ಹೋಗಿ ಬಿಂದಿಗೆ ನೀರು ತಂದ. ನನ್ನ ಕೈಯಿಂದ ಸಾಬೂನು ಇಸಿದುಕೊಂಡ. ಅಕ್ಕನನ್ನು ಕಟ್ಟೆಯ ಮೇಲೆ ಕೂರಿಸಿ, ಕೂಸಿನ ಕೈ ತೊಳೆಯುವ ಹಾಗೆ ಒಂದೊಂದೇ ಬೆರಳನ್ನು ತಿಕ್ಕಿ ತಿಕ್ಕಿ ತೊಳೆಯತೊಡಗಿದ. ಅತ್ತೆ, ಸಾಕು ಬಿಡೋ ಎಂದರೂ ಬಿಡಲಿಲ್ಲ. ಬಿಂದಿಗೆ ಖಾಲಿಯಾಯಿತು, ಇನ್ನೊಂದು ತಂದ. ಕೊನೆಗೆ ಕೈ ನಿಲ್ಲಿಸಿ, ಚಸ್ಮಾ ತೆಗೆದು, ತೋಳಿನಿಂದ ಕಣ್ಣೊರೆಸಿಕೊಂಡ. ಜೀವಮಾನವೆಲ್ಲ ಬಣ್ಣ ಹಾಕಿದವನು ಅವನು. ತೊಳೆದರೆ ಹೋಗುವ ಬಣ್ಣ ಯಾವುದು, ಹೋಗದ ಬಣ್ಣ ಯಾವುದು ಎಂದು ಅವನಿಗೆ ಬೇರೆ ಯಾರು ಹೇಳಬೇಕು?